ನೇಗಿಲು ಬಳಸಿ ಹೋದ ದಿಬ್ಬಗಳು

ಗಂಗಾವತಿ ಸೀಮೆಯ ಒಂದು ಹೊಲದ ನಡುವೆ ನಿಂತು ನೋಟುಬುಕ್ಕಿನಲ್ಲಿ ‘ಕಲ್ಗುಪ್ಪೆ, ಬಹುಶಃ ಗೋರಿ’ ಎಂದು ಬರೆದುಕೊಳ್ಳುತ್ತಿದ್ದೆ. ಹೊಲದ ಯಜಮಾನರು ಬದುವಿನ ಮೇಲೆ ಕೂತು, ಎಲೆ ಅಡಿಕೆ ಮೆಲ್ಲುತ್ತ ಅರ್ಧ ತಾಸಿನಿಂದ ನನ್ನನ್ನೇ ನೋಡುತ್ತಿದ್ದರು. ಟೇಪು ಹಿಡಿದು ಅಳೆದದ್ದು, ಫೋಟೋ ತೆಗೆದದ್ದು, ದಿಕ್ಸೂಚಿ ಇಟ್ಟು ನೋಡಿದ್ದು ಎಲ್ಲ ಮುಗಿದ ಮೇಲೆ ಕೇಳಿದರು: “ಏನ್ ಬರಕೊಂಡಿ ತಮ್ಮಾ?” ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ. “ಅದು ಗೋರಿ ಅಲ್ಲಪಾ. ನಮ್ಮಪ್ಪ ಈ ಹೊಲ ಹಸನ ಮಾಡೂ ಮುಂದ ಆರಿಸಿ ಒಟ್ಟಿದ ಕಲ್ಲು ಅವು. ನಾನೂ ಸಣ್ಣಾಂವ ಇದ್ದಾಗ ಬುಟ್ಟೀಲೆ ಹೊತ್ತು ಹಾಕೀನಿ.”

ಬರೆದದ್ದನ್ನು ಹೊಡೆದು ಹಾಕಿದೆ. ಮೂರು ಸಾವಿರ ವರ್ಷದ ಗೋರಿ ಒಂದು ಮಾತಿಗೆ ಐವತ್ತು ವರ್ಷದ ಕಲ್ಲಿನ ರಾಶಿಯಾಯಿತು. ಆವತ್ತು ನಾಚಿಕೆಯಾದದ್ದು ನಿಜ. ಆದರೆ ನನ್ನ ಸಂಶೋಧನೆಯ ಮುಖ್ಯ ಪ್ರಶ್ನೆ ಮೊದಲ ಬಾರಿಗೆ ಸ್ಪಷ್ಟವಾಗಿ ಎದುರಾದದ್ದೂ ಅದೇ ಹೊಲದಲ್ಲಿ. ಅಗೆಯದೆ, ಮೇಲಿನಿಂದ ಮಾತ್ರ ನೋಡಿ, ಒಂದು ದಿಬ್ಬವನ್ನು ಗೋರಿ ಎಂದು ಯಾವ ಧೈರ್ಯದ ಮೇಲೆ ಹೇಳುತ್ತೇವೆ? ತಪ್ಪಿದರೆ ಏನಾಗುತ್ತದೆ?

ನಮ್ಮ ನಾಡಿನಲ್ಲಿ ಕಬ್ಬಿಣ ಬಳಕೆಗೆ ಬಂದ ಕಾಲದ ಜನ ಸತ್ತವರಿಗಾಗಿ ದೊಡ್ಡ ಕಲ್ಲುಗಳನ್ನು ಬಳಸಿ ನೆಲೆ ಕಟ್ಟಿದರು. ಪಠ್ಯಪುಸ್ತಕಗಳಲ್ಲಿ ಇದನ್ನು ಬೃಹತ್ ಶಿಲಾಯುಗ ಎಂದು ಓದಿರುತ್ತೀರಿ. ಹೆಸರು ಕೇಳಿದರೆ ಎದುರಿಗೆ ನಿಲ್ಲುವುದು ಹಿರೇಬೆಣಕಲ್ಲಿನ ಚಿತ್ರ. ಗಂಗಾವತಿ ತಾಲೂಕಿನ ಆ ಬೆಟ್ಟದ ಮೇಲೆ ನಾನೂರರಷ್ಟು ಕಲ್ಲಿನ ರಚನೆಗಳಿವೆ. ಮೂರು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಮನೆಗಳಂಥವು, ಗುಂಡಗೆ ಕಿಂಡಿ ಕೊರೆದ ಕಲ್ಲುಗಳು, ನಡುವೆ ಒಂದು ಕೆರೆ, ಬಡಿದರೆ ದನಿ ಕೊಡುವ ನಗಾರಿಯಂಥ ಬಂಡೆ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದ ಈ ಸ್ಥಳವನ್ನು ಗುರುತಿಸಲು ಯಾವ ತರಬೇತಿಯೂ ಬೇಡ. ಬೆಟ್ಟ ಹತ್ತಿದ ಯಾರಿಗಾದರೂ ಇದು ಮನುಷ್ಯರ ಕೆಲಸ ಎಂದು ತಿಳಿಯುತ್ತದೆ.

ಕಷ್ಟವಿರುವುದು ಬೆಟ್ಟದ ಕೆಳಗೆ. ಈ ಕಾಲದ ಗೋರಿಗಳಲ್ಲಿ ಹೆಚ್ಚಿನವು ಹಿರೇಬೆಣಕಲ್ಲಿನ ಹಾಗೆ ಎದ್ದು ನಿಂತಿಲ್ಲ. ಕುಣಿ ತೋಡಿ, ಮೂಳೆ, ಮಡಕೆ, ಕಬ್ಬಿಣದ ಸಾಮಾನು ಇಟ್ಟು, ಮಣ್ಣು ಮುಚ್ಚಿ, ಮೇಲೆ ಕಲ್ಲು ಒಟ್ಟಿ, ಸುತ್ತ ಗುಂಡುಗಳನ್ನು ಉಂಗುರದಂತೆ ಜೋಡಿಸಿದವು ಅವು. ಮೂರು ಸಾವಿರ ಮಳೆಗಾಲ ಕಳೆದ ಮೇಲೆ ಉಳಿಯುವುದು ಮೊಣಕಾಲೆತ್ತರದ ಉಬ್ಬು, ಅದರ ಮೇಲೆ ಬಳ್ಳಾರಿ ಜಾಲಿ, ಜಾಲಿಯ ಬುಡದಲ್ಲಿ ಹುತ್ತ.

ಇವನ್ನು ಗೋರಿಗಳೆಂದು ಗುರುತಿಸಿ ಕ್ರಮವಾಗಿ ಬರೆದಿಟ್ಟ ಮೊದಲಿಗರಲ್ಲಿ ಒಬ್ಬ ಫಿಲಿಪ್ ಮೆಡೋಸ್ ಟೇಲರ್. ‘ಕನ್ಫೆಷನ್ಸ್ ಆಫ್ ಎ ಥಗ್’ ಎಂಬ ಕಾದಂಬರಿ ಬರೆದು 1839ರಲ್ಲೇ ಹೆಸರಾದವನು. 1840ರ ದಶಕದಲ್ಲಿ ಸುರಪುರ ಸಂಸ್ಥಾನದಲ್ಲಿ ಆಡಳಿತ ನೋಡಿಕೊಳ್ಳುತ್ತಿದ್ದಾಗ ರಾಜನಕೋಳೂರು, ಜೇವರ್ಗಿ ಮುಂತಾದ ಕಡೆ ಕಲ್ಮನೆಗಳನ್ನೂ ಕಲ್ಗುಪ್ಪೆಗಳನ್ನೂ ನೋಡಿದ. ಯುರೋಪಿನಲ್ಲಿ ಇಂಥವೇ ಕಲ್ಲಿನ ಗೋರಿಗಳಿವೆ ಎಂದು ಅವನಿಗೆ ಗೊತ್ತಿತ್ತು. ಎರಡಕ್ಕೂ ನಂಟಿದೆ ಎಂದು ಅವನು ನಂಬಿದ. ಆ ನಂಬಿಕೆ ಇಂದು ಉಳಿದಿಲ್ಲ. ಉಳಿದಿರುವುದು ಅವನ ಚಿತ್ರಗಳು. ಗುಪ್ಪೆಗಳನ್ನು ಅಗೆಸಿ, ಕುಣಿಯ ಅಡ್ಡಸೀಳನ್ನು ಬರೆದು, ಮಣ್ಣು ಎಲ್ಲಿ ಬದಲಾಯಿತು, ಕಲ್ಲು ಎಲ್ಲಿತ್ತು, ಮೂಳೆ ಎಲ್ಲಿತ್ತು ಎಂದು ತೋರಿಸಿದ. ನೂರು ವರ್ಷ ಕಳೆದ ಮೇಲೆ ಮಾರ್ಟಿಮರ್ ವೀಲರ್ ಅವುಗಳನ್ನು ಮೆಚ್ಚಿ ಮಾತಾಡಿದ. ಊಹೆ ತಪ್ಪಾಗಬಹುದು, ನೋಡಿದ್ದನ್ನು ನೋಡಿದ ಹಾಗೆ ಬರೆದಿಟ್ಟರೆ ಅದು ಮುಂದಿನವರಿಗೆ ದಕ್ಕುತ್ತದೆ ಎಂಬುದಕ್ಕೆ ನಾನು ಕೊಡುವ ಮೊದಲ ಉದಾಹರಣೆ ಟೇಲರನದು.

ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದ. ಅಶೋಕನ ಶಾಸನವಿರುವ ಈ ಜಾಗವನ್ನು ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅದಕ್ಕೂ ಮೊದಲೇ ಅಗೆದು ನೋಡಿದ್ದರು. ಬೆಟ್ಟದ ಬುಡದಲ್ಲಿ ಮುನ್ನೂರರಷ್ಟು ಗೋರಿಗಳಿದ್ದವು. ಕೆಲವನ್ನು ಆರಿಸಿ ತೆರೆದಾಗ ಎರಡು ಬಗೆ ಕಂಡವು. ಮೊದಲನೆಯದು ನೆಲದೊಳಗೆ ಚಪ್ಪಡಿಗಳಿಂದ ಕಟ್ಟಿದ ಪೆಟ್ಟಿಗೆಯಂಥ ಕೋಣೆ. ನಾಲ್ಕು ಚಪ್ಪಡಿಗಳೂ ಒಂದರ ತುದಿ ಇನ್ನೊಂದನ್ನು ದಾಟಿ ಹೊರಚಾಚುವಂತೆ, ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ ಬರುವಂತೆ ನಿಂತಿದ್ದವು. ಇದು ಅಲಂಕಾರಕ್ಕಲ್ಲ. ಹೊರಗಿನ ಮಣ್ಣು ಒತ್ತಿದಷ್ಟೂ ಚಪ್ಪಡಿಗಳು ಒಂದಕ್ಕೊಂದು ಆತುಕೊಂಡು ಬಿಗಿಯಾಗುತ್ತವೆ. ಪೂರ್ವದ ಚಪ್ಪಡಿಯಲ್ಲಿ ಗುಂಡನೆಯ ಕಿಂಡಿ. ಒಳಗೆ ಒಬ್ಬರದಲ್ಲ, ಹಲವರ ಮೂಳೆಯ ತುಂಡುಗಳು. ಎರಡನೆಯದು ಸುತ್ತ ಗುಂಡುಗಳಿದ್ದ ಬರಿ ಕುಣಿ. ಅದರೊಳಗೆ ಮೂಳೆಯಿರಲಿಲ್ಲ. ಹೆಣವನ್ನು ಮೊದಲು ಇಂಥ ಕುಣಿಯಲ್ಲಿಟ್ಟು, ಮಾಂಸ ಕರಗಿದ ಮೇಲೆ ಮೂಳೆ ಆರಿಸಿ ಕೋಣೆಗೆ ಒಯ್ಯುತ್ತಿದ್ದಿರಬಹುದು ಎಂದು ವೀಲರ್ ಊಹಿಸಿದ. ಇವುಗಳಿಗೆ ಅವನು ಕೊಟ್ಟ ಕಾಲ ಕ್ರಿಸ್ತಪೂರ್ವದ ಕೊನೆಯ ಶತಮಾನಗಳು. ಮುಂದೆ 1965ರಲ್ಲಿ ಎಂ.ಎಸ್. ನಾಗರಾಜರಾವ್ ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ಅಗೆದಾಗ ಕಬ್ಬಿಣದ ಕಾಲ ಕ್ರಿ.ಪೂ. 1000ದ ಆಸುಪಾಸಿಗೆ ಹಿಂದೆ ಸರಿಯಿತು.

ಬ್ರಹ್ಮಗಿರಿಯ ಈ ಒಳನೋಟ ನನ್ನಂಥವರಿಗೆ ಹೊರಗಣ್ಣು ಕೊಟ್ಟಿತು. ಒಳಗೆ ಏನಿದೆ ಎಂದು ಗೊತ್ತಿದ್ದರೆ ಮೇಲೆ ಏನು ಕಾಣಬೇಕು ಎಂದು ಕೇಳಿಕೊಳ್ಳಬಹುದು.

ಮೊದಲು ನೋಡುವುದು ಉಂಗುರ. ಗೋರಿಯ ಸುತ್ತಲ ಗುಂಡುಗಳು ಸಾಮಾನ್ಯವಾಗಿ ನಡುವಿನ ಕಲ್ಲುಗಳಿಗಿಂತ ದೊಡ್ಡವು. ಐದಾರು ಮೀಟರಿನಿಂದ ಹತ್ತು ಹನ್ನೆರಡು ಮೀಟರ್ ಅಗಲದ ವೃತ್ತ. ಎಲ್ಲ ಕಲ್ಲುಗಳೂ ಉಳಿದಿರಬೇಕೆಂದಿಲ್ಲ, ಉಳಿದ ನಾಲ್ಕೈದು ಕಲ್ಲುಗಳು ಒಂದೇ ಕಮಾನಿನ ಮೇಲೆ ಬರುತ್ತವೆಯೇ ಎಂದು ಹಗ್ಗ ಹಿಡಿದು ನೋಡಬೇಕು. ಆಮೇಲೆ ಗುಂಡಿನ ಬುಡ. ನೆಟ್ಟ ಕಲ್ಲು ನೆಲದೊಳಗೆ ಕೂತಿರುತ್ತದೆ, ಎಸೆದ ಕಲ್ಲು ನೆಲದ ಮೇಲೆ ಕೂತಿರುತ್ತದೆ. ನನ್ನ ಮೊದಲ ತಪ್ಪು ಇಲ್ಲಿಯೇ ಆದದ್ದು. ಆ ಯಜಮಾನರ ಹೊಲದ ಕಲ್ಲುಗಳು ಬುಟ್ಟಿಯಲ್ಲಿ ಹೊರಬಹುದಾದಷ್ಟೇ ದೊಡ್ಡವು. ಎಲ್ಲವೂ ಒಂದೇ ಗಾತ್ರ. ಅಂಚಿನಲ್ಲಿ ಹೂತ ಗುಂಡು ಒಂದೂ ಇರಲಿಲ್ಲ. ಕಣ್ಣಿಗೆ ಬಿದ್ದಿದ್ದನ್ನೇ ಸರಿಯಾಗಿ ಓದಿದ್ದರೆ ಅವರ ತಂದೆಯ ಕೈ ನನಗೂ ಕಾಣುತ್ತಿತ್ತು.

ಮೂರನೆಯದು ಚಪ್ಪಡಿಯ ಅಂಚು. ಉಬ್ಬಿನ ನಡುವೆ ಮಣ್ಣಿನಿಂದ ಎರಡು ಮೂರು ಬೆರಳು ಮೇಲೆದ್ದ ನೇರ ಗೆರೆಯಂಥ ಕಲ್ಲು ಕಂಡು, ಅದು ಇನ್ನೊಂದನ್ನು ದಾಟಿ ಹೋಗಿದ್ದರೆ, ಕೆಳಗೆ ಕೋಣೆಯಿರುವ ಸಾಧ್ಯತೆ ಬಹಳ. ಹೊಲ ಹಸನು ಮಾಡಿದವರು ಚಪ್ಪಡಿಗಳನ್ನು ಹಾಗೆ ನಿಲ್ಲಿಸುವುದಿಲ್ಲ. ನಾಲ್ಕನೆಯದು ಮಡಕೆ ಚೂರು. ಈ ಕಾಲದ ಮಡಕೆಗಳನ್ನು ಸುಡುವಾಗ ಒಳಮೈ ಮತ್ತು ಬಾಯಿಯ ಸುತ್ತ ಗಾಳಿ ತಾಗದಂತೆ ಮಾಡುತ್ತಿದ್ದುದರಿಂದ ಆ ಭಾಗ ಕಪ್ಪಾಗಿ, ಉಳಿದ ಹೊರಮೈ ಕೆಂಪಾಗಿರುತ್ತದೆ. ಮುರಿದ ಚೂರಿನಲ್ಲೂ ಎರಡು ಬಣ್ಣ ಕಾಣುತ್ತವೆ. ಆದರೆ ಕೆಡದ ಗೋರಿಯ ಮೇಲೆ ಚೂರು ಸಿಗುವುದು ಅಪರೂಪ. ಅವು ಮೇಲೆ ಬಂದಿವೆಯೆಂದರೆ ಯಾರೋ ಆಗಲೇ ಅಗೆದಿದ್ದಾರೆಂದು ಅರ್ಥ. ಬೂದುಬಣ್ಣದ ಮಣ್ಣು, ರಾಶಿ ಚೂರು, ಒರಳು ಕಲ್ಲಿನ ತುಂಡು, ದನದ ಮೂಳೆ ಎಲ್ಲ ಒಟ್ಟಿಗೆ ಕಂಡರೆ ಅದು ಗೋರಿಯಲ್ಲ, ಹಾಳೂರಿನ ದಿನ್ನೆ.

ಐದನೆಯದು ಸುತ್ತಲ ನೆಲ. ಇಂಥ ಗೋರಿಗಳು ಒಂಟಿಯಾಗಿ ಇರುವುದು ಕಡಿಮೆ. ಹೆಚ್ಚಾಗಿ ಬೆಟ್ಟದ ಬುಡದ ಕಲ್ಲುನೆಲದಲ್ಲಿ, ಹಾಳೆಹಾಳೆಯಾಗಿ ಏಳುವ ಬಂಡೆಯ ಹತ್ತಿರ, ನೀರಿನ ಆಸರೆಯಿಂದ ತುಂಬ ದೂರವಲ್ಲದ ಕಡೆ ಗುಂಪಾಗಿ ಸಿಗುತ್ತವೆ. ಹೊಲದ ನಡುವೆ ಉಳಿದಿದ್ದರೆ ನೇಗಿಲು ಅದನ್ನು ಬಳಸಿಕೊಂಡು ಹೋಗಿರುತ್ತದೆ. ಗೂಗಲ್ ಅರ್ತ್‌ನಲ್ಲಿ ಕಪ್ಪು ಮಣ್ಣಿನ ಹೊಲದೊಳಗೆ ಹಸಿರು ಚುಕ್ಕೆಯಂತೆ ಇವು ಕಾಣುತ್ತವೆ. ನಾನು ಮನೆಯಲ್ಲಿ ಕೂತು ಅಂಥ ಚುಕ್ಕೆಗಳನ್ನು ಗುರುತು ಹಾಕಿಕೊಂಡು, ಆಮೇಲೆ ಒಂದೊಂದನ್ನೇ ನಡೆದು ನೋಡುತ್ತೇನೆ. ಹಲವು ಚುಕ್ಕೆಗಳು ಹಾಳುಬಾವಿ, ಬೇವಿನ ಕಟ್ಟೆ, ಇಲ್ಲವೇ ಬಣವಿ ಒಟ್ಟಿದ ಜಾಗ ಎಂದು ತಿಳಿದು ವಾಪಸಾಗುತ್ತೇನೆ.

ಈ ಐದರಲ್ಲಿ ಯಾವ ಒಂದೂ ತಾನೇ ಸಾಕಾಗುವುದಿಲ್ಲ. ಮೂರು ಕೂಡಿದರೆ ‘ಸಾಧ್ಯ’, ನಾಲ್ಕು ಕೂಡಿದರೆ ‘ಬಹುಮಟ್ಟಿಗೆ ಖಚಿತ’ ಎಂದು ಬರೆಯುವ ಪದ್ಧತಿ ನಾನು ಇಟ್ಟುಕೊಂಡದ್ದು.

ದಿಬ್ಬವನ್ನು ತಪ್ಪಾಗಿ ಓದಿದವರಲ್ಲಿ ನಾನು ಮೊದಲನೆಯವನಲ್ಲ ಎಂಬುದು ಒಂದು ಸಮಾಧಾನ. ಬಳ್ಳಾರಿ, ರಾಯಚೂರು, ಯಾದಗಿರಿ ಕಡೆಯ ಬೂದಿದಿಬ್ಬಗಳ ಕಥೆ ಇದಕ್ಕೆ ದೊಡ್ಡ ಸಾಕ್ಷಿ. ಬೆಂದು ಕರಗಿ ಗಟ್ಟಿಯಾದ ಬೂದಿಯ ಈ ಗುಡ್ಡೆಗಳನ್ನು ಜನ ರಾಕ್ಷಸರನ್ನು ಸುಟ್ಟ ಜಾಗವೆಂದು ಹೇಳುತ್ತ ಬಂದಿದ್ದಾರೆ. ಹಂಪಿಯ ಹತ್ತಿರ ನಿಂಬಾಪುರದ ಬೂದಿದಿಬ್ಬ ವಾಲಿಯ ಚಿತೆಯೆಂದು ಇಂದಿಗೂ ಯಾತ್ರಿಕರಿಗೆ ತೋರಿಸುತ್ತಾರೆ. ಓದಿದವರೂ ಇದರಿಂದ ಬಹಳ ದೂರ ಹೋಗಲಿಲ್ಲ. ವಿಜಯನಗರದ ಚರಿತ್ರೆ ಬರೆದ ರಾಬರ್ಟ್ ಸಿವೆಲ್ ಇವು ವಿಜಯನಗರ ಕಾಲದ ಸಾಮೂಹಿಕ ದಹನದ ಕುರುಹುಗಳಿರಬೇಕೆಂದು ತರ್ಕಿಸಿದ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಬೂದಿಯೊಳಗೆ ನವಶಿಲಾಯುಗದ ಕಲ್ಗೊಡಲಿಗಳನ್ನು ಕಂಡು, ಇದು ಸಗಣಿ ಸುಟ್ಟ ಬೂದಿ ಎಂದ. 1957ರಲ್ಲಿ ರೇಮಂಡ್ ಆಲ್ಚಿನ್ ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ದೊಡ್ಡಿಯ ಗೂಟಗಳ ಗುರುತಿನ ಜೊತೆಗೆ ದನದ ಗೊರಸಿನ ಅಚ್ಚುಗಳೇ ಸಿಕ್ಕವು. 1990ರ ದಶಕದಲ್ಲಿ ಕೆ. ಪದ್ದಯ್ಯ ಸುರಪುರ ಸೀಮೆಯ ಬೂದಿಹಾಳದಲ್ಲಿ ನಡೆಸಿದ ಉತ್ಖನನ ದೊಡ್ಡಿಯ ಪಕ್ಕದಲ್ಲೇ ಇದ್ದ ಮನೆಗಳನ್ನೂ ದನ ಕಡಿದ ಅಂಗಳವನ್ನೂ ತೋರಿಸಿತು. ಚಿತೆಯೆಂದು ತಿಳಿದದ್ದು ದನಗಾಹಿಗಳ ಹಟ್ಟಿಯಾಗಿತ್ತು. ಸಾವಿನ ಗುರುತು ಎಂದುಕೊಂಡದ್ದು ಬದುಕಿನ ಗುರುತಾಗಿತ್ತು. ಆದರೂ ಬೂದಿಹಾಳದ ಆ ಮನೆಗಳ ನಡುವೆಯೇ ಮಡಕೆಯಲ್ಲಿಟ್ಟು ಹೂತ ಎಳೆಯ ಮಕ್ಕಳ ಸಮಾಧಿಗಳೂ ಸಿಕ್ಕವು.

ತಪ್ಪು ಇನ್ನೊಂದು ದಿಕ್ಕಿನಲ್ಲೂ ಆಗುತ್ತದೆ. ದೊಡ್ಡ ಕಲ್ಲು ಕಂಡಲ್ಲೆಲ್ಲ ಗೋರಿ ಎನ್ನುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಹಿರೇಬೆಣಕಲ್ಲಿನ ಹಲವು ಕಲ್ಮನೆಗಳು ಬರಿ ಬಂಡೆಯ ಮೇಲೆ ನಿಂತಿವೆ. ಅಲ್ಲಿ ಹೂಳಲು ಮಣ್ಣೇ ಇಲ್ಲ. ಅವು ಗೋರಿಗಳೋ, ನೆನಪಿಗೆ ಕಟ್ಟಿದವೋ ಎಂಬ ಚರ್ಚೆ ಮುಗಿದಿಲ್ಲ. ಕೊಪ್ಪಳ ಜಿಲ್ಲೆಯಲ್ಲಿ ಸರ್ವೇಕ್ಷಣೆ ಮಾಡಿದ ಆಂಡ್ರ್ಯೂ ಬಾಯರ್ ಕೆಲವು ಕಲ್ಲಿನ ರಚನೆಗಳು ಮಳೆನೀರು ನಿಲ್ಲಿಸಲು ಬಂಡೆಯ ಕುಳಿಗಳ ಸುತ್ತ ಕಟ್ಟಿದವೆಂದು ತೋರಿಸಿದ್ದಾರೆ. ಎ. ಸುಂದರ ಅವರು ದಕ್ಷಿಣ ಭಾರತದ ಕೋಣೆಗೋರಿಗಳನ್ನು ಕುರಿತು 1975ರಲ್ಲಿ ಹೊರತಂದ ಪುಸ್ತಕ ನನಗೆ ಇಂದಿಗೂ ಕೈಮರ. ಸೀಮೆಯಿಂದ ಸೀಮೆಗೆ ಕಲ್ಲು ಹೇಗೆ ಬದಲಾಗುತ್ತದೋ ಕಟ್ಟುವ ಬಗೆಯೂ ಹಾಗೆ ಬದಲಾಗುತ್ತದೆ ಎಂಬುದನ್ನು ಅಂಥ ಅಧ್ಯಯನಗಳಿಂದ ಕಲಿತೆ.

ಹಾಗಾದರೆ ಊರವರ ಮಾತಿಗೆ ಬೆಲೆಯೆಷ್ಟು? ಹಿರೇಬೆಣಕಲ್ಲಿನವರು ಇವನ್ನು ಮೋರ್ಯರ ಮನೆಗಳೆನ್ನುತ್ತಾರೆ. ಮೋರ್ಯರು ಕುಳ್ಳ ಜನ, ಅದಕ್ಕೇ ಇಷ್ಟು ಸಣ್ಣ ಮನೆ ಎಂಬುದು ವಿವರಣೆ. ಬೇರೆ ಕಡೆ ಪಾಂಡವರ ಮನೆ, ಪಾಂಡವರ ಗುಡಿ ಎನ್ನುತ್ತಾರೆ. ಮೊದಮೊದಲು ನಾನು ಇವನ್ನು ಬರಿ ಕಥೆಯೆಂದು ನೋಟುಬುಕ್ಕಿನ ಕೊನೆಯ ಪುಟಕ್ಕೆ ತಳ್ಳುತ್ತಿದ್ದೆ. ಈಗ ಹಳ್ಳಿಗೆ ಹೋದರೆ ಮೊದಲು ಕೇಳುವುದೇ ಹೊಲಗಳ ಹೆಸರು. ‘ಮೋರ್ಯರ ಹೊಲ’ ಎಂಬ ಹೆಸರಿದ್ದು ಅಲ್ಲಿ ಈಗ ಒಂದೂ ಕಲ್ಲಿಲ್ಲದಿದ್ದರೆ, ಹಿಂದೆ ಇದ್ದಿರಬಹುದು. ಯಾರ ಗೋರಿ, ಎಂದಿನದು ಎಂಬುದಕ್ಕೆ ಜನರ ಕಥೆ ಉತ್ತರ ಹೇಳದು. ಎಲ್ಲಿತ್ತು ಎಂಬುದಕ್ಕೆ ಬಹಳ ಸಲ ಸರಿಯಾದ ಉತ್ತರ ಹೇಳುತ್ತದೆ. ಮತ್ತೆ ಯಾವುದು ಗೋರಿಯಲ್ಲ ಎಂಬುದಕ್ಕೆ, ಬುಟ್ಟಿಯಲ್ಲಿ ಕಲ್ಲು ಹೊತ್ತವರಿಗಿಂತ ದೊಡ್ಡ ಸಾಕ್ಷಿ ಬೇರೆ ಬೇಕಿಲ್ಲ.

ಆ ಮೊದಲ ತಪ್ಪಿನ ನಂತರ ನಾನು ಅತಿ ಎಚ್ಚರದವನಾದೆ. ಅದರ ಬೆಲೆಯನ್ನೂ ತೆತ್ತೆ. ಅದೇ ಚಳಿಗಾಲದಲ್ಲಿ ಇನ್ನೊಂದು ಊರಿನ ಅಂಚಿನಲ್ಲಿ ಒಂದು ಉಬ್ಬು ನೋಡಿದೆ. ಹತ್ತಿರ ಹತ್ತಿರ ಒಂಬತ್ತು ಮೀಟರ್ ಅಗಲ. ಒಂದು ಬದಿಯಲ್ಲಿ ಆರು ಗುಂಡುಗಳು ಕಮಾನಿನಂತೆ ಇದ್ದವು, ಇನ್ನೊಂದು ಬದಿ ಜಾಲಿಯ ಪೊದೆಯೊಳಗೆ. ಚಪ್ಪಡಿಯ ಅಂಚು ಕಾಣಲಿಲ್ಲ. ಚೂರು ಸಿಗಲಿಲ್ಲ. ಅಕ್ಕಪಕ್ಕ ಬೇರೆ ಗುಪ್ಪೆ ಇರಲಿಲ್ಲ. ‘ಸಂದೇಹ. ಇನ್ನೊಮ್ಮೆ ನೋಡಬೇಕು’ ಎಂದು ಬರೆದು ಬಂದೆ. ಹೊಲದವರ ಹತ್ತಿರ ವಿಶೇಷವಾಗಿ ಏನೂ ಹೇಳಲಿಲ್ಲ. ಖಚಿತವಿಲ್ಲದ್ದನ್ನು ಹೇಳಿ ಮತ್ತೆ ನಗೆಪಾಟಲಾಗುವುದು ಬೇಡವೆಂದು ಸುಮ್ಮನಾದೆ.

ನಾಲ್ಕು ತಿಂಗಳ ಮೇಲೆ ಹೋದಾಗ ಉಬ್ಬು ಇರಲಿಲ್ಲ. ಮುಂಗಾರಿಗೆ ಮೊದಲು ಹೊಲ ಸಮ ಮಾಡಲು ಜೆಸಿಬಿ ತರಿಸಿದ್ದರು. ಗುಂಡುಗಳು ಬದುವಿಗೆ ಹೋಗಿದ್ದವು. ತಿರುವಿದ ಮಣ್ಣಿನಲ್ಲಿ, ಬಗ್ಗದೆಯೇ ಕಾಣುವಷ್ಟು, ಒಳಗೆ ಕಪ್ಪು ಹೊರಗೆ ಕೆಂಪು ಚೂರುಗಳು ಚೆಲ್ಲಿದ್ದವು. ಬದುವಿನ ಕಲ್ಲುಗಳ ನಡುವೆ ಒಂದು ಚಪ್ಪಡಿಯ ತುಂಡಿತ್ತು. ಅದರ ಒಂದು ಅಂಚು ಅರ್ಧಚಂದ್ರದಂತೆ ಒಳಗೆ ಬಾಗಿ, ನುಣುಪಾಗಿತ್ತು. ಕಿಂಡಿಯ ಅರ್ಧ. ಗೋರಿಯೆಂಬುದು ಸಂಶಯವಿಲ್ಲದೆ ಸಾಬೀತಾದದ್ದು ಅದು ಇಲ್ಲವಾದ ಮೇಲೆ.

ಹೊಲದವರನ್ನು ದೂರಲು ನನಗೆ ಬಾಯಿಲ್ಲ. ಎರಡು ಎಕರೆಯಲ್ಲಿ ಒಂಬತ್ತು ಮೀಟರಿನ ಮುಳ್ಳುಪೊದೆ ಎಂದರೆ ಅವರಿಗೆ ಒಂದು ಸಾಲಿನ ಬೆಳೆ. ಅದು ಏನೆಂದು ತಿಳಿದಿದ್ದವನು ನಾನೊಬ್ಬನೇ, ನಾನು ಬಾಯಿ ಬಿಡಲಿಲ್ಲ. “ಮೊದಲ ಹೇಳಬೇಕಿಲ್ರೀ ಸರ, ಒಂದ್ ಬದಿಗೆ ಬಿಟ್ಟು ಮಾಡತಿದ್ವಿ” ಎಂದು ಆ ಮನೆಯ ಹುಡುಗ ಹೇಳಿದ. ನಿಜವಾಗಿ ಬಿಡುತ್ತಿದ್ದರೋ ಇಲ್ಲವೋ, ಕೇಳುವ ಹಕ್ಕಾದರೂ ಅವರಿಗಿತ್ತು.

ಹಾಗೆಂದು ಕಂಡದ್ದನ್ನೆಲ್ಲ ಸಾರಿ ಹೇಳುವುದೂ ಸುಲಭವಲ್ಲ. ಗೋರಿ ಎಂಬ ಮಾತು ಹಳ್ಳಿಯಲ್ಲಿ ಬಾಯಿಂದ ಬಾಯಿಗೆ ಹೋಗುವಾಗ ನಿಧಿ ಎಂದಾಗುತ್ತದೆ. ಅಮಾವಾಸ್ಯೆಯ ರಾತ್ರಿ ನಿಂಬೆಹಣ್ಣು ಕುಂಕುಮ ಇಟ್ಟು ಅಗೆದ ಗುಂಡಿಗಳನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಒಳಗೆ ಅವರಿಗೆ ಸಿಗುವುದು ಮಡಕೆ, ಮೂಳೆ, ತುಕ್ಕು ಹಿಡಿದ ಕಬ್ಬಿಣ. ಅವನ್ನು ಎಸೆದು ಹೋಗುತ್ತಾರೆ. ಇನ್ನು ಕೆಲವು ಹೊಲದವರಿಗೆ ಸರ್ಕಾರ ಭೂಮಿ ಕಿತ್ತುಕೊಳ್ಳುತ್ತದೆಂಬ ಭಯ. ಕಾನೂನುಗಳಿವೆ: ಪ್ರಾಚೀನ ಸ್ಮಾರಕಗಳದ್ದು 1958ರದು, ನಿಧಿಯದ್ದು 1878ರಷ್ಟು ಹಳೆಯದು. ಆದರೆ ಸಂರಕ್ಷಿತವೆಂದು ಘೋಷಿಸಿದ ಸ್ಥಳಕ್ಕೆ ಫಲಕ ಬೇಲಿಗಳ ಕಾವಲಿದೆ. ಯಾರ ಪಟ್ಟಿಯಲ್ಲೂ ಇಲ್ಲದ ಹೊಲದ ಉಬ್ಬಿಗೆ ಹೊಲದ ಮಾಲಿಕನ ಮನಸ್ಸೊಂದೇ ಕಾವಲು.

ಆದ್ದರಿಂದ ಈಗ ನನ್ನ ಕೆಲಸದ ಕ್ರಮ ಬದಲಾಗಿದೆ. ಸಂದೇಹವಿದ್ದರೆ ಸಂದೇಹವಿದೆ ಎಂದೇ ಬರೆಯುತ್ತೇನೆ, ಆದರೆ ಯಾವ ಲಕ್ಷಣ ಕಂಡೆ, ಯಾವುದು ಕಾಣಲಿಲ್ಲ ಎಂದು ಬಿಡಿಸಿ ಬರೆಯುತ್ತೇನೆ. ಪ್ರತಿ ಗುಂಡನ್ನೂ ಅಳೆದು ನಕ್ಷೆ ಬರೆಯುತ್ತೇನೆ, ನಾಳೆ ಅದಿಲ್ಲವಾದರೂ ಕಾಗದದ ಮೇಲೆ ಇರಲೆಂದು. ಊರ ಹೆಸರು, ಹೊಲದ ಗುರುತು ಇಂಥ ಲೇಖನಗಳಲ್ಲಿ ಕೊಡುವುದಿಲ್ಲ. ಈ ಬರಹದಲ್ಲಿ ಬಂದಿರುವ ಹೆಸರುಗಳೆಲ್ಲ ಆಗಲೇ ಪುಸ್ತಕಗಳಲ್ಲಿ ಇರುವಂಥವು. ಮತ್ತು ಹೊರಡುವ ಮೊದಲು ಹೊಲದವರ ಜೊತೆ ಬದುವಿನ ಮೇಲೆ ಕೂತು ಮಾತಾಡುತ್ತೇನೆ. ಇದು ಗೋರಿ ಇರಬಹುದು, ಇಲ್ಲದಿರಲೂಬಹುದು, ಬಂಗಾರ ಅಂತೂ ಇಲ್ಲ, ಯಾರೋ ತಮ್ಮವರ ಮೂಳೆಗಳನ್ನು ಜೋಪಾನವಾಗಿ ಇಟ್ಟ ಜಾಗವಾಗಿರಬಹುದು ಎನ್ನುತ್ತೇನೆ. ಕೊನೆಯ ಮಾತು ಹೇಳಿದಾಗ ಸಾಮಾನ್ಯವಾಗಿ ಯಾರೂ ನಗುವುದಿಲ್ಲ.

ನಿಮ್ಮೂರ ಹೊಲಗಳಲ್ಲೂ ನೇಗಿಲು ಬಳಸಿ ಹೋಗುವ ಇಂಥ ಜಾಗ ಇದ್ದೀತು. ಅಗೆಯಬೇಡಿ, ಕಲ್ಲು ಅಲುಗಿಸಬೇಡಿ. ಒಮ್ಮೆ ಸುತ್ತ ನಡೆದು ನೋಡಿ, ಗುಂಡಿನ ಬುಡ ನೆಲದೊಳಗಿದೆಯೋ ಮೇಲಿದೆಯೋ ಗಮನಿಸಿ, ಮನೆಯ ಹಿರಿಯರನ್ನು ಕೇಳಿ. ಅವರ ಅಪ್ಪ ಒಟ್ಟಿದ್ದು ಎಂದರೆ ಅದೂ ಒಂದು ಚರಿತ್ರೆಯೇ, ಬರೆದಿಟ್ಟುಕೊಳ್ಳಿ. “ನಮ್ಮ ಮುತ್ತಜ್ಜನ ಕಾಲಕ್ಕೂ ಹಿಂಗೇ ಇತ್ತು” ಎಂದರೆ ಹತ್ತಿರದ ಪುರಾತತ್ವ ಇಲಾಖೆಯ ಕಚೇರಿಗೋ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ಒಂದು ಮಾತು ತಿಳಿಸಿ. ಮುಂಗಾರಿಗೆ ಮೊದಲು ತಿಳಿಸಿದರೆ ಒಳ್ಳೆಯದು.